ದುಡ್ಡಿಗೆ ಯಾರೂ ಹಾಡು ಕಟ್ಟಲ್ಲ

(ಮಾತಾಡಿದ್ದನ್ನು ಬರೆದುಕೊಡಿ ಅಂತ ಕೆಲವರು ಕೇಳಿದರು. ನನ್ನ ತಡವರಿಕೆ, ಮಧ್ಯೆ ಮಧ್ಯೆ ಕುಡಿದ ನೀರು, ಇವನ್ನೆಲ್ಲ ಬಿಟ್ಟು ಉಳಿದದ್ದನ್ನು ಹೆಚ್ಚುಕಮ್ಮಿ ಹಾಗೇ ಇಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಒಂದು ಮ್ಯಾಚಿನಿಂದ ಶುರು ಮಾಡ್ತೀನಿ.

2013ರ ಮೇ 11, ಶನಿವಾರ. ಲಂಡನ್ನಿನ ವೆಂಬ್ಲಿ ಸ್ಟೇಡಿಯಂನಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ನಾಕೌಟ್ ಪಂದ್ಯಾವಳಿಯಾದ ಎಫ್‌ಎ ಕಪ್ ಫೈನಲ್. ಒಂದು ಕಡೆ ಮ್ಯಾಂಚೆಸ್ಟರ್ ಸಿಟಿ. ಅಬುಧಾಬಿಯ ದುಡ್ಡಿರುವ ಕ್ಲಬ್. ಇನ್ನೊಂದು ಕಡೆ ವಿಗನ್. ಲೀಗಿನಲ್ಲಿ, ಅಂದರೆ ಸೀಸನ್ ಪೂರ್ತಿ ಆಡಿ ಅಂಕ ಸೇರಿಸುವ ಪಂದ್ಯಾವಳಿಯಲ್ಲಿ, ಕೆಳಗಿನ ದರ್ಜೆಗೆ ಬೀಳುವ ಭಯದಲ್ಲಿದ್ದ ತಂಡ. ಮೂರು ದಿನ ಆದಮೇಲೆ ಬಿದ್ದೂ ಬಿಟ್ಟಿತು. ಯಾರು ಗೆಲ್ಲಬೇಕಿತ್ತು ಅಂತ ಕೇಳುವ ಅಗತ್ಯವೇ ಇರಲಿಲ್ಲ.

ಆದರೆ ಅವತ್ತು ಬೆಳಗ್ಗೆಯಿಂದಲೇ ಒಂದು ಸುದ್ದಿ ಓಡಾಡುತ್ತಿತ್ತು. ಸಿಟಿಯ ಮ್ಯಾನೇಜರ್, ಅಂದರೆ ತಂಡವನ್ನು ನಡೆಸುವ ರೊಬೆರ್ಟೊ ಮ್ಯಾನ್ಸೀನಿಯನ್ನು ತೆಗೀತಾರಂತೆ, ಸ್ಪೇನಿನಲ್ಲಿರುವ ಮ್ಯಾನುಯೆಲ್ ಪೆಲ್ಲೆಗ್ರೀನಿ ಬರ್ತಾರಂತೆ. ಕ್ಲಬ್ಬಿನವರು ಹೌದು ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಬಾಯಿ ಮುಚ್ಚಿಕೊಂಡು ಕೂತರು.

ಸ್ಟ್ಯಾಂಡಿನಲ್ಲಿದ್ದವರು ಮಾತ್ರ ಬಾಯಿ ಮುಚ್ಚಲಿಲ್ಲ. ಫೈನಲ್ ನಡೆಯುತ್ತಿದೆ, ಸ್ಕೋರು ಸೊನ್ನೆ-ಸೊನ್ನೆ, ಸಿಟಿಯವರು ಕೆಟ್ಟದಾಗಿ ಆಡುತ್ತಿದ್ದಾರೆ. ಆ ಹೊತ್ತಿನಲ್ಲಿ ಸಾವಿರಾರು ಜನ ಮ್ಯಾನ್ಸೀನಿ ಹೆಸರು ಹಿಡಿದು ಹಾಡುತ್ತಿದ್ದರು. ಪೆಲ್ಲೆಗ್ರೀನಿ ಮೇಲೂ ಒಂದು ಹಾಡು ಬಂತು. ಅದನ್ನು ಇಲ್ಲಿ ಹೇಳಲ್ಲ. ನಿಮ್ಮ ಪೆಲ್ಲೆಗ್ರೀನಿಯನ್ನು ನೀವೇ ಇಟ್ಟುಕೊಳ್ಳಿ ಅಂತ ಅರ್ಥ. ಎಲ್ಲಿ ಇಟ್ಟುಕೊಳ್ಳಬೇಕು ಅಂತಲೂ ಅದರಲ್ಲಿ ವಿವರ ಇತ್ತು.

ಕೊನೆಗೆ ಸಿಟಿಯ ಪಾಬ್ಲೊ ಸಬಲೇಟಾಗೆ ಕೆಂಪು ಕಾರ್ಡು ಬಿತ್ತು. 90 ನಿಮಿಷ ಮುಗಿದು ಕೊನೆಗೆ ಸೇರಿಸಿದ ನಿಮಿಷಗಳಲ್ಲಿ ವಿಗನ್‌ಗೆ ಒಂದು ಕಾರ್ನರ್ ಸಿಕ್ಕಿತು. ಬದಲಿ ಆಟಗಾರನಾಗಿ ಇಳಿದಿದ್ದ ಬೆನ್ ವಾಟ್ಸನ್ ತಲೆಯಿಂದ ಹೊಡೆದ. ಗೋಲು. ಅಲ್ಲಿಗೆ ಮುಗೀತು. ಎರಡು ದಿನ ಬಿಟ್ಟು, ಮೇ 13ರ ಸೋಮವಾರ, ಕ್ಲಬ್ಬು ಮ್ಯಾನ್ಸೀನಿಯನ್ನು ಮನೆಗೆ ಕಳಿಸಿತು.

ಈ ಮೇ 13 ಸುಮ್ನೆ ಒಂದು ತಾರೀಕು ಅಲ್ಲ. ಸರಿಯಾಗಿ ಒಂದು ವರ್ಷದ ಹಿಂದೆ, ಅದೇ ಮೇ 13ರಂದು, ಸಿಟಿ 44 ವರ್ಷಗಳ ನಂತರ ಲೀಗ್ ಗೆದ್ದಿತ್ತು. ಅದನ್ನು ನೋಡಿದವರು ಈ ಸಭೆಯಲ್ಲಿ ಎಷ್ಟು ಜನ ಇದ್ದೀರಿ? ಓ, ಜಾಸ್ತಿಯೇ ಇದ್ದೀರಿ. ಹಾಗಾದರೆ ಬೇಗ ಹೇಳ್ತೀನಿ. ಕೊನೇ ಪಂದ್ಯ, ಕ್ವೀನ್ಸ್ ಪಾರ್ಕ್ ರೇಂಜರ್ಸ್ ಮೇಲೆ. ಗೆದ್ದರೆ ಕಪ್ಪು. 90 ನಿಮಿಷ ಮುಗಿದರೂ ಸಿಟಿ 1-2ರಲ್ಲಿ ಹಿಂದೆ. ಕೆಲವರು ಅಳುತ್ತಾ ಸ್ಟೇಡಿಯಂನಿಂದ ಹೊರಗೆ ಹೋಗಿಯೂ ಆಗಿತ್ತು. ಝೆಕೊ ಒಂದು ಗೋಲು ಹೊಡೆದು ಸಮ ಮಾಡಿದ. ಆಮೇಲೆ ಅಗ್ವೆರೊ. ಗಡಿಯಾರದಲ್ಲಿ 93 ನಿಮಿಷ 20 ಸೆಕೆಂಡು. ಸಿಟಿಗೆ 89 ಅಂಕ, ಮ್ಯಾಂಚೆಸ್ಟರ್ ಯುನೈಟೆಡ್‌ಗೂ 89 ಅಂಕ, ಗೋಲು ವ್ಯತ್ಯಾಸದಲ್ಲಿ ಕಪ್ಪು ಸಿಟಿಗೆ.

ಅದನ್ನು ತಂದುಕೊಟ್ಟ ಮನುಷ್ಯನನ್ನು ಅದರ ವರ್ಷದ ದಿನವೇ ತೆಗೆದರು. ಬೇಕಂತಲೇ ಮಾಡಿದ್ದಲ್ಲ, ಕ್ಯಾಲೆಂಡರ್ ನೋಡಿಲ್ಲ ಅಷ್ಟೇ. ಆದರೆ ಅಭಿಮಾನಿಗಳು ಕ್ಯಾಲೆಂಡರ್ ನೋಡುತ್ತಾರೆ. ಅವರ ವರ್ಷವೆಲ್ಲ ನಡೆಯುವುದೇ ಅದರ ಮೇಲೆ.

ಈಗ ನನ್ನನ್ನು ಕಾಡಿದ ಪ್ರಶ್ನೆಗೆ ಬರ್ತೀನಿ. ದುಡ್ಡಿರುವ ಕ್ಲಬ್ಬು ಒಬ್ಬ ಮ್ಯಾನೇಜರ್ ಹೋದರೆ ಇನ್ನೊಬ್ಬನನ್ನು ತರುತ್ತದೆ. ಇನ್ನೂ ಒಳ್ಳೆಯವನನ್ನೇ ತರಬಹುದು. ಆಟಗಾರರು ಅಲ್ಲೇ ಇರುತ್ತಾರೆ, ದುಡ್ಡೂ ಅಲ್ಲೇ ಇರುತ್ತದೆ. ಅಭಿಮಾನಿಗೆ ಕಳೆದುಕೊಳ್ಳೋಕೆ ಏನಿದೆ? ಆದರೂ ಯಾಕೆ ಮನೆಯವರೊಬ್ಬರನ್ನು ಹೊರಗೆ ಹಾಕಿದ ಹಾಗೆ ಸಂಕಟಪಡುತ್ತಾರೆ?

ಇದಕ್ಕೆ ಸಿಟಿಯ ಹಳೇ ದಿನಗಳಿಗೆ ಹೋಗಬೇಕು.

1976ರಲ್ಲಿ ಲೀಗ್ ಕಪ್, ಅಂದರೆ ಲೀಗಿಗಿಂತ ಬೇರೆಯಾದ ಇನ್ನೊಂದು ನಾಕೌಟ್ ಕಪ್ಪು, ಗೆದ್ದ ಮೇಲೆ ಸಿಟಿ ದೊಡ್ಡದೇನೂ ಗೆದ್ದಿರಲಿಲ್ಲ. 1998-99ರಲ್ಲಿ ಇಂಗ್ಲೆಂಡಿನ ಮೂರನೇ ದರ್ಜೆಯಲ್ಲಿ ಆಡುತ್ತಿತ್ತು. ಅಲ್ಲಿಂದ ಮೇಲೆ ಬಂದದ್ದೂ ಜಿಲ್ಲಿಂಗ್‌ಹ್ಯಾಮ್ ಮೇಲೆ ಕೊನೇ ಗಳಿಗೆಯ ಗೋಲು, ಆಮೇಲೆ ಪೆನಾಲ್ಟಿ, ಹೀಗೆ ಉಸಿರು ಬಿಗಿಹಿಡಿದು. ಅದೇ ಊರಿನ ಯುನೈಟೆಡ್ ಮಾತ್ರ ವರ್ಷವರ್ಷ ಗೆಲ್ಲುತ್ತಿತ್ತು. ಯುನೈಟೆಡ್ ಅಭಿಮಾನಿಗಳು ತಮ್ಮ ಓಲ್ಡ್ ಟ್ರಾಫರ್ಡ್ ಸ್ಟೇಡಿಯಂನಲ್ಲಿ ಒಂದು ಬ್ಯಾನರ್ ಕಟ್ಟಿದ್ದರು. ಸಿಟಿ ಏನೂ ಗೆಲ್ಲದೆ ಎಷ್ಟು ವರ್ಷ ಆಯ್ತು ಅಂತ ಅದರ ಮೇಲೆ ಒಂದು ಸಂಖ್ಯೆ. ಪ್ರತಿವರ್ಷ ಆ ಸಂಖ್ಯೆಯನ್ನು ಒಂದೊಂದೇ ಏರಿಸುತ್ತಿದ್ದರು. ಹಗೆತನ ಅಂದರೆ ಹೀಗಿರಬೇಕು ನೋಡಿ, ಲೆಕ್ಕ ಇಟ್ಟು ಸಾಧಿಸೋದು.

2008ರ ಸೆಪ್ಟೆಂಬರ್ 1ಕ್ಕೆ ಅಬುಧಾಬಿಯವರು ಸಿಟಿಯನ್ನು ಕೊಳ್ಳುವ ಸುದ್ದಿ ಬಂತು. ಅದೇ ದಿನ ಬ್ರೆಜಿಲ್‌ನ ರೊಬಿನ್ಯೊನನ್ನು 3 ಕೋಟಿ 25 ಲಕ್ಷ ಪೌಂಡು ಕೊಟ್ಟು ತಂದರು. ಆ ಹೊತ್ತಿಗೆ ಅದು ಬ್ರಿಟನ್ನಿನ ದಾಖಲೆ. ಬೆಳಗ್ಗೆ ಎದ್ದಾಗ ಬಡವರಾಗಿದ್ದ ಅಭಿಮಾನಿಗಳು ಮಲಗುವಾಗ ಶ್ರೀಮಂತರು. ಕೆಲವರು ತಲೆಗೆ ಅರಬ್ಬರ ಹಾಗೆ ಬಟ್ಟೆ ಸುತ್ತಿಕೊಂಡು ಕುಣಿದರು.

ಅಲ್ಲಿಂದ ಒಂದು ಹೊಸ ಚುಚ್ಚುಮಾತು ಶುರುವಾಯಿತು. ಮೊದಲು, ನೀವು ಏನೂ ಗೆದ್ದಿಲ್ಲ ಅನ್ನುತ್ತಿದ್ದರು. ಈಗ, ಗೆದ್ದರೂ ಅದು ನಿಮ್ಮದಲ್ಲ, ಕೊಂಡದ್ದು ಅನ್ನತೊಡಗಿದರು. ಮೊದಲನೇ ಮಾತಿಗೆ ಕಪ್ಪು ಗೆದ್ದು ಉತ್ತರ ಕೊಡಬಹುದು. ಎರಡನೇದಕ್ಕೆ? ಇನ್ನಷ್ಟು ಗೆದ್ದರೆ ಆ ಮಾತೇ ಇನ್ನಷ್ಟು ನಿಜ ಆಗುತ್ತದೆ. ಸೋತರೆ, ಅಷ್ಟು ದುಡ್ಡು ಸುರಿದೂ ಸೋತಿರಾ ಅಂತಾರೆ. ಅಡಕತ್ತರಿ.

ಇಲ್ಲಿಯೇ ಮ್ಯಾನೇಜರ್ ಬೇಕಾಗೋದು.

ಮ್ಯಾನ್ಸೀನಿ ಬಂದದ್ದು 2009ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್‌ಗೆ ಇನ್ನೊಂದು ವಾರ ಇರುವಾಗ. ಬಂದವರೇ ಕುತ್ತಿಗೆಗೆ ತಿಳಿನೀಲಿ-ಬಿಳಿ ಪಟ್ಟೆಯ ಉಲ್ಲನ್ ಮಫ್ಲರ್ ಸುತ್ತಿಕೊಂಡರು. ಒಳಗೆ ಒಳ್ಳೆ ಹೊಲಿಗೆಯ ಕೋಟು, ಮೇಲೆ ಅಭಿಮಾನಿಗಳು ಹಾಕುವಂಥದ್ದೇ ಮಫ್ಲರ್. ಸಣ್ಣ ವಿಷಯ ಅನ್ನಿಸುತ್ತೆ, ಅಲ್ವಾ? ಆದರೆ ಟಿವಿಯಲ್ಲಿ ಆ ಪಂದ್ಯಗಳನ್ನು ನೋಡುವಾಗ ನನ್ನ ಕಣ್ಣು ಪ್ರತಿಸಲ ಹೋಗುತ್ತಿದ್ದದ್ದು ಅಲ್ಲಿಗೇ. ಮೈದಾನದ ಗೆರೆಯ ಪಕ್ಕ ನಿಂತವನ ಕುತ್ತಿಗೆಯಲ್ಲಿ ಒಂದು ಮಫ್ಲರ್. ಹಿಂದೆ ಸ್ಟ್ಯಾಂಡಿನಲ್ಲಿ ಅಂಥವೇ ಸಾವಿರ. ಅಬುಧಾಬಿಯ ಮಾಲೀಕರು ಮೈದಾನಕ್ಕೆ ಬರುತ್ತಿದ್ದದ್ದೇ ಅಪರೂಪ. ಕಣ್ಣಿಗೆ ಕಾಣುತ್ತಿದ್ದವರು ಇವರು.

ಅಭಿಮಾನಿಗಳು ಅವರಿಗೊಂದು ಹಾಡು ಕಟ್ಟಿದರು. 1950ರ ದಶಕದ ಒಂದು ಇಟಾಲಿಯನ್ ಹಾಡಿನ ಧಾಟಿ. ಇಟಲಿಯಿಂದ ಬಂದ, ನಮ್ಮ ತಂಡವನ್ನು ನಡೆಸೋಕೆ ಬಂದ, ಅಷ್ಟೇ ಅರ್ಥ. ಸ್ಟ್ಯಾಂಡಿನ ಹಾಡುಗಳಲ್ಲಿ ಅರ್ಥ ಜಾಸ್ತಿ ಇರಬಾರದು, ಹೆಸರು ಧಾಟಿಗೆ ಕೂರಬೇಕು. ಮ್ಯಾನ್ಸೀನಿ ಅನ್ನುವ ಹೆಸರು ಚೆನ್ನಾಗಿ ಕೂತಿತು.

ಒಂದು ಮಾತು ಗಮನಿಸಿ. ಆಟಗಾರರಿಗೆ ಹಾಡು ಇರುತ್ತೆ, ಮ್ಯಾನೇಜರಿಗೆ ಇರುತ್ತೆ, ಎದುರಾಳಿಯನ್ನು ಬೈಯೋಕೆ ಇರುತ್ತೆ. ಬ್ಯಾಲೆನ್ಸ್ ಶೀಟಿಗೆ ಹಾಡು ಇರಲ್ಲ. ದುಡ್ಡು ಗೆಲ್ಲಿಸುತ್ತದೆ ಅಂತ ಸ್ಟ್ಯಾಂಡಿನಲ್ಲಿ ಕೂತವನಿಗೂ ಗೊತ್ತು, ಅವನೇನು ದಡ್ಡ ಅಲ್ಲ. ಆದರೆ ದುಡ್ಡಿಗೆ ಮುಖ ಇಲ್ಲ. ನಾವು ಗೆದ್ದೆವು ಅಂತ ಅನ್ನಿಸಬೇಕಾದರೆ ಆ ಗೆಲುವನ್ನು ಒಬ್ಬ ಮನುಷ್ಯನ ಹೆಸರಿಗೆ ಬರೆಯಬೇಕು. ಅವನು ಮಳೆಯಲ್ಲಿ ನೆನೆಯಬೇಕು, ರೆಫರಿ ಮೇಲೆ ಕೂಗಾಡಬೇಕು, ತಪ್ಪು ಮಾಡಬೇಕು. ಆಗ, ನೀವು ಕೊಂಡಿರಿ ಅಂದವರಿಗೆ ಉತ್ತರ ಸಿಗುತ್ತದೆ. ದುಡ್ಡು ಎಷ್ಟೋ ಜನರ ಹತ್ತಿರ ಇತ್ತು, ಗೆಲ್ಲಿಸಿದ್ದು ಇವನು ಅಂತ.

2011ರ ಮೇ ತಿಂಗಳಲ್ಲಿ ಸ್ಟೋಕ್ ಮೇಲೆ 1-0ರಿಂದ ಎಫ್‌ಎ ಕಪ್ ಬಂತು. 35 ವರ್ಷ ಆಗಿತ್ತು. ಓಲ್ಡ್ ಟ್ರಾಫರ್ಡ್‌ನ ಬ್ಯಾನರ್‌ಗೆ ಇನ್ನು ಕೆಲಸ ಇಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಅದೇ ಓಲ್ಡ್ ಟ್ರಾಫರ್ಡ್‌ನಲ್ಲಿ ಸಿಟಿ 6-1ರಿಂದ ಗೆದ್ದಿತು. ಮುಂದಿನ ಮೇ ತಿಂಗಳಿಗೆ ಲೀಗು. ಈ ಮೂರಕ್ಕೂ ಆ ಮಫ್ಲರಿನವರೇ ಗುರುತು.

ಹೀಗಿರುವಾಗ ಅವರನ್ನು ಹಾಗೆ ತೆಗೆದುಬಿಟ್ಟರೆ ಏನಾಗುತ್ತದೆ? ಉತ್ತರವನ್ನೇ ಕಿತ್ತುಕೊಂಡ ಹಾಗೆ. ಹೌದು, ಇದು ಕೊಂಡು ತಂದ ಸಾಮಾನು, ಬೇಡವಾದರೆ ಬದಲಾಯಿಸುತ್ತೇವೆ ಅಂತ ಸ್ವಂತ ಕ್ಲಬ್ಬೇ ಒಪ್ಪಿಕೊಂಡ ಹಾಗೆ. ಎದುರಾಳಿಗಳು ಐದು ವರ್ಷದಿಂದ ಹೇಳುತ್ತಿದ್ದ ಮಾತಿಗೆ ಮಾಲೀಕರೇ ಸಹಿ ಹಾಕಿದರು. ವೆಂಬ್ಲಿಯಲ್ಲಿ ಕೇಳಿಸಿದ ಸಿಟ್ಟು ನನಗೆ ಅರ್ಥ ಆಗೋದು ಹೀಗೆ. ಮ್ಯಾನ್ಸೀನಿ ಮೇಲಿನ ಪ್ರೀತಿ ಅರ್ಧ. ಉಳಿದರ್ಧ ತಮ್ಮ ಮರ್ಯಾದೆಯ ಪ್ರಶ್ನೆ.

ಹಾಗಂತ ಕ್ಲಬ್ಬು ಮಾಡಿದ್ದು ತಪ್ಪು ಅಂತ ನಾನು ಹೇಳಲ್ಲ. ಲೆಕ್ಕ ನೋಡಿ. ಆ ಸೀಸನ್ನಿನಲ್ಲಿ ಯುನೈಟೆಡ್‌ಗಿಂತ 11 ಅಂಕ ಹಿಂದೆ. ಯೂರೋಪಿನ ದೊಡ್ಡ ಕ್ಲಬ್ಬುಗಳು ಆಡುವ ಚಾಂಪಿಯನ್ಸ್ ಲೀಗಿನ ಗುಂಪಿನಲ್ಲಿ ಆರು ಪಂದ್ಯ ಆಡಿ ಒಂದನ್ನೂ ಗೆಲ್ಲಲಿಲ್ಲ, ಬರೀ 3 ಅಂಕ, ಕೊನೇ ಸ್ಥಾನ. ಆಟಗಾರರ ಜೊತೆ ಮ್ಯಾನ್ಸೀನಿ ಸಂಬಂಧವೂ ಅಷ್ಟಕ್ಕಷ್ಟೇ. ತಪ್ಪಾದರೆ ಪತ್ರಕರ್ತರ ಮುಂದೆಯೇ ಹೇಳಿಬಿಡುವ ಸ್ವಭಾವ. 2013ರ ಜನವರಿಯಲ್ಲಿ ಅಭ್ಯಾಸದ ಮೈದಾನದಲ್ಲಿ ಅವರು ಮಾರಿಯೊ ಬಾಲೊಟೆಲ್ಲಿಯ ಅಂಗಿ ಹಿಡಿದು ಎಳೆದಾಡಿದ ಫೋಟೊಗಳು ಎಲ್ಲ ಪತ್ರಿಕೆಗಳಲ್ಲೂ ಬಂದವು. ಮಫ್ಲರಿನ ಮ್ಯಾನ್ಸೀನಿಯನ್ನು ಸ್ಟ್ಯಾಂಡಿನವರು ನೋಡಿದ್ದರು. ಡ್ರೆಸ್ಸಿಂಗ್ ರೂಮಿನವರು ನೋಡಿದ್ದು ಬೇರೆ ಮನುಷ್ಯನನ್ನು. ಅಭಿಮಾನಿಗಳಲ್ಲೂ ಎಲ್ಲರೂ ಒಂದೇ ಥರ ಯೋಚಿಸಲಿಲ್ಲ. ಪಾಪ, ಒಳ್ಳೆಯವರು, ಆದರೆ ಸಮಯ ಆಗಿತ್ತು ಅಂದವರೂ ಇದ್ದರು.

ಕೆಟ್ಟದ್ದು ತೆಗೆದ ರೀತಿ. ಅದರಲ್ಲೂ ಆ ಹೇಳಿಕೆ. ಗುರಿಗಳನ್ನು ಮುಟ್ಟಿಲ್ಲ ಅಂತ ಹೇಳಿ, ಕ್ಲಬ್ಬಿಗೆ ಇನ್ನು ಮುಂದೆ 'ಹೋಲಿಸ್ಟಿಕ್' ದೃಷ್ಟಿ ಬೇಕು ಅಂತ ಬರೆದರು. ಹೋಲಿಸ್ಟಿಕ್! ಅದನ್ನು ಸಮಗ್ರ ಅಂತ ಕನ್ನಡ ಮಾಡಬಹುದೇನೋ. ಆದರೆ ಒಂದು ವರ್ಷದ ಹಿಂದೆ ನಿಮ್ಮನ್ನು ಅಳಿಸಿದ ಮನುಷ್ಯನ ಬಗ್ಗೆ ಆಫೀಸಿನಿಂದ ಇಂಥ ಪದ ಬಂದರೆ ಹೇಗಿರುತ್ತೆ? ಆ ಪದ ಅಭಿಮಾನಿಗಳ ನಡುವೆ ಬಹಳ ದಿನ ನಗೆಪಾಟಲಾಯಿತು.

ಆ ಪದದ ಹಿಂದೆ ಒಂದು ದೊಡ್ಡ ಬದಲಾವಣೆಯೂ ಇತ್ತು. ಇಂಗ್ಲೆಂಡಿನಲ್ಲಿ ಹಿಂದಿನಿಂದ ಮ್ಯಾನೇಜರ್ ಅಂದರೆ ಯಜಮಾನ. ಆಟಗಾರರನ್ನು ಕೊಳ್ಳೋದು, ಮಾರೋದು, ಆಡಿಸೋದು, ಬೈಯೋದು ಎಲ್ಲ ಅವನೇ. ಯೂರೋಪಿನ ಬೇರೆ ಕಡೆ ಕೋಚ್ ಬೇರೆ, ಆಟಗಾರರನ್ನು ಆರಿಸಿ ತರುವ ಡೈರೆಕ್ಟರ್ ಬೇರೆ. ಸಿಟಿಗೆ 2012ರಲ್ಲಿ ಬಾರ್ಸಿಲೋನಾದ ಹಳಬರಾದ ಫೆರಾನ್ ಸೊರಿಯಾನೊ ಮತ್ತು ಚಿಕಿ ಬೆಗಿರಿಸ್ಟೈನ್ ಬಂದರು. ಅವರ ಪದ್ಧತಿಯಲ್ಲಿ ಕೋಚ್ ಅನ್ನೋದು ಬದಲಾಗುವ ಭಾಗ, ಕ್ಲಬ್ಬು ಉಳಿಯುವ ಯಂತ್ರ. ಯಂತ್ರ ಚೆನ್ನಾಗಿ ಓಡಿತು, ಅದರಲ್ಲಿ ಅನುಮಾನ ಇಲ್ಲ. ಆದರೆ ಅಭಿಮಾನಿ ಪ್ರೀತಿ ಇಡುವುದು ಸರಿಯಾಗಿ ಆ ಬದಲಾಗುವ ಭಾಗದ ಮೇಲೆ.

ಆಮೇಲೆ ನಡೆದದ್ದು ನನಗೆ ತುಂಬ ಇಷ್ಟ. ಸಿಟಿ ಅಭಿಮಾನಿಗಳು ತಮ್ಮತಮ್ಮಲ್ಲೇ ದುಡ್ಡು ಸೇರಿಸಿದರು. ಇಟಲಿಯ ಲಾ ಗಜೆಟ್ಟಾ ಡೆಲ್ಲೊ ಸ್ಪೋರ್ಟ್ ಪತ್ರಿಕೆಯಲ್ಲಿ, ಗುಲಾಬಿ ಕಾಗದದ ಮೇಲೆ ಅಚ್ಚಾಗುತ್ತಲ್ಲ ಅದೇ ಪತ್ರಿಕೆಯಲ್ಲಿ, ಮ್ಯಾನ್ಸೀನಿಗೆ ಥ್ಯಾಂಕ್ಸ್ ಹೇಳಿ ಜಾಹೀರಾತು ಹಾಕಿಸಿದರು. ಆ ಕಡೆಯಿಂದ ಮ್ಯಾನ್ಸೀನಿ ಮ್ಯಾಂಚೆಸ್ಟರ್ ಈವ್ನಿಂಗ್ ನ್ಯೂಸ್‌ನಲ್ಲಿ ಪೂರ್ತಿ ಒಂದು ಪುಟ ತೆಗೆದುಕೊಂಡು ಅಭಿಮಾನಿಗಳಿಗೆ ಥ್ಯಾಂಕ್ಸ್ ಹೇಳಿದರು. ಇವರು ಅವರ ದೇಶದ ಪತ್ರಿಕೆಯಲ್ಲಿ, ಅವರು ಇವರ ಊರಿನ ಪತ್ರಿಕೆಯಲ್ಲಿ. ಮಧ್ಯೆ ಕ್ಲಬ್ಬು ಎಲ್ಲೂ ಇಲ್ಲ. ಲಕ್ಷ ಕೋಟಿ ಲೆಕ್ಕದ ಕ್ಲಬ್ಬಿನ ಕಥೆಯಲ್ಲಿ ಅಭಿಮಾನಿಗಳು ತಮ್ಮ ಜೇಬಿನ ದುಡ್ಡು ಖರ್ಚು ಮಾಡಿ ತಾವೇ ಏನೋ ಒಂದನ್ನು ಕೊಂಡದ್ದು ಬಹುಶಃ ಇದೊಂದೇ.

ಲಂಡನ್ನಿನ ಚೆಲ್ಸಿಯಲ್ಲೂ ಇದೇ ಕಥೆ, ಸ್ವಲ್ಪ ಬೇರೆ ಬಣ್ಣದಲ್ಲಿ. ಅಲ್ಲಿ 2003ರಿಂದ 2022ರವರೆಗೆ ಮಾಲೀಕರಾಗಿದ್ದವರು ರಷ್ಯಾದ ರೋಮನ್ ಅಬ್ರಮೊವಿಚ್. ಜೋಸೆ ಮೊರಿನ್ಯೊ ಮ್ಯಾನೇಜರಾಗಿ ಬಂದು 2005ರಲ್ಲಿ, 50 ವರ್ಷಗಳ ನಂತರ, ಲೀಗ್ ಗೆಲ್ಲಿಸಿದರು. ಮರುವರ್ಷ ಮತ್ತೆ ಗೆಲ್ಲಿಸಿದರು. 2007ರ ಸೆಪ್ಟೆಂಬರ್ ಹೊತ್ತಿಗೆ ಮಾಲೀಕರ ಜೊತೆ ಹಳಸಿತು. ಆ ವಾರವೇ ಮೊರಿನ್ಯೊ ಪತ್ರಕರ್ತರ ಮುಂದೆ ಮೊಟ್ಟೆ ಕಥೆ ಹೇಳಿದ್ದರು. ಮೊಟ್ಟೆ ಇಲ್ಲದೆ ಆಮ್ಲೆಟ್ ಆಗಲ್ಲ, ಅಂಗಡಿಯಲ್ಲಿ ಒಂದನೇ ದರ್ಜೆ, ಎರಡನೇ ದರ್ಜೆ, ಮೂರನೇ ದರ್ಜೆ ಅಂತ ಮೊಟ್ಟೆ ಇರುತ್ತೆ, ಒಳ್ಳೇದು ಸಿಗುವ ಅಂಗಡಿಗೆ ಹೋಗೋಕೆ ಬಿಡದಿದ್ದರೆ ಕಷ್ಟ ಅನ್ನುವ ಅರ್ಥದಲ್ಲಿ. ಲೋಕದ ಅತ್ಯಂತ ದುಬಾರಿ ಅಡುಗೆಮನೆಯಲ್ಲಿ ನಿಂತು ಮೊಟ್ಟೆ ಸರಿಯಿಲ್ಲ ಅನ್ನೋದು! ಆದರೂ ಅಭಿಮಾನಿಗಳು ಅಡುಗೆಯವರ ಕಡೆಗೇ ನಿಂತರು. ನಾರ್ವೆಯ ರೋಸೆನ್‌ಬೋರ್ಗ್ ಜೊತೆ 1-1 ಡ್ರಾ ಆಯಿತು, ಎರಡು ದಿನದೊಳಗೆ ಮೊರಿನ್ಯೊ ಇಲ್ಲ.

ಅವರ ಜಾಗಕ್ಕೆ ಬಂದವರು ಆವ್ರಮ್ ಗ್ರಾಂಟ್. ಅದೇ ಸೀಸನ್ನಿನಲ್ಲಿ ಅವರು ತಂಡವನ್ನು ಮಾಸ್ಕೋದಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಫೈನಲ್‌ಗೆ ಮುಟ್ಟಿಸಿದರು. ಮೊರಿನ್ಯೊ ಚೆಲ್ಸಿಯಲ್ಲಿ ಮುಟ್ಟದ ಜಾಗ ಅದು. ಚೆಲ್ಸಿಯ ಜಾನ್ ಟೆರಿ ಕಾಲು ಜಾರದೆ ಆ ಪೆನಾಲ್ಟಿ ಒಳಗೆ ಹೋಗಿದ್ದರೆ ಕಪ್ಪು ಅವರದೇ. ಆದರೂ ಸ್ಟ್ಯಾಂಡಿನಲ್ಲಿ ಹಾಡು ಮೊರಿನ್ಯೊನದೇ. ಗ್ರಾಂಟ್ ಕೆಲಸ ಮೂರು ದಿನದಲ್ಲಿ ಹೋಯಿತು, ಯಾರೂ ಅತ್ತ ಹಾಗೆ ಕಾಣಲಿಲ್ಲ. ಫಲಿತಾಂಶವೇ ಎಲ್ಲ ಅಂತ ಹೇಳುವವರು ಈ ಮನುಷ್ಯನನ್ನು ಒಂದು ಸಲ ನೆನೆಯಬೇಕು.

2012ರಲ್ಲಿ ಇನ್ನೂ ವಿಚಿತ್ರ. ರೊಬೆರ್ಟೊ ಡಿ ಮಟ್ಟೆಯೊ ಮೇ ತಿಂಗಳಲ್ಲಿ ಚೆಲ್ಸಿಗೆ ಮೊದಲ ಚಾಂಪಿಯನ್ಸ್ ಲೀಗ್ ತಂದುಕೊಟ್ಟರು, ನವೆಂಬರಿನಲ್ಲಿ ಕೆಲಸ ಕಳೆದುಕೊಂಡರು. ಬದಲಿಗೆ ಬಂದವರು ರಫಾ ಬೆನಿಟೆಜ್. ಹಿಂದೆ ಲಿವರ್‌ಪೂಲ್‌ನಲ್ಲಿದ್ದಾಗ ಚೆಲ್ಸಿಯವರ ಕಣ್ಣಿಗೆ ಮುಳ್ಳಾಗಿದ್ದವರು. ಅವರ ಮೊದಲ ಪಂದ್ಯದಲ್ಲಿ ಸ್ವಂತ ಸ್ಟೇಡಿಯಂನವರೇ ಬೂ ಅಂದರು. ಡಿ ಮಟ್ಟೆಯೊ ಆಟಗಾರನಾಗಿದ್ದಾಗ 16ನೇ ನಂಬರಿನ ಅಂಗಿ ಹಾಕುತ್ತಿದ್ದರು. ಹಾಗಾಗಿ ಪ್ರತಿ ಪಂದ್ಯದ 16ನೇ ನಿಮಿಷಕ್ಕೆ ಎದ್ದು ಚಪ್ಪಾಳೆ. ತಿಂಗಳುಗಟ್ಟಲೆ ನಡೆಯಿತು ಅದು. ಕೆಳಗೆ ಬೆನಿಟೆಜ್ ನಿಂತಿದ್ದಾರೆ, ಮೇಲೆ ಹೋದವರಿಗೆ ಚಪ್ಪಾಳೆ. ನಾನು ಆ ಜಾಗದಲ್ಲಿದ್ದರೆ 16ನೇ ನಿಮಿಷಕ್ಕೆ ಸರಿಯಾಗಿ ಬಾತ್‌ರೂಮಿಗೆ ಹೋಗುತ್ತಿದ್ದೆ.

ಆ ಮೊದಲ ಪಂದ್ಯ, ಬೂ ಅಂದದ್ದು, ಯಾವ ತಂಡದ ಮೇಲೆ ಗೊತ್ತಾ? ಮ್ಯಾಂಚೆಸ್ಟರ್ ಸಿಟಿ. 0-0 ಆಯಿತು. ಪಕ್ಕದ ಡಗ್‌ಔಟಿನಲ್ಲಿ ಇದನ್ನೆಲ್ಲ ನೋಡುತ್ತಾ ನಿಂತಿದ್ದವರು ಮ್ಯಾನ್ಸೀನಿ. ಅವರ ಕೈಯಲ್ಲಿ ಐದು ವರ್ಷದ ಹೊಸ ಒಪ್ಪಂದ ಇತ್ತು. ಇನ್ನು ಆರು ತಿಂಗಳೂ ಉಳಿದಿರಲಿಲ್ಲ.

ಕೊನೆಗೆ ಒಂದು ಕಹಿ ವಿಷಯ. ಇದನ್ನು ಬಿಟ್ಟರೆ ನಾನು ಪೂರ್ತಿ ಹೇಳಿದ ಹಾಗಾಗಲ್ಲ. ಮ್ಯಾನ್ಸೀನಿ ಬಂದದ್ದು ಹೇಗೆ? 2009ರ ಡಿಸೆಂಬರ್ 19ಕ್ಕೆ ಸಿಟಿಯ ಮ್ಯಾನೇಜರ್ ಮಾರ್ಕ್ ಹ್ಯೂಸ್. ಅವತ್ತು ಸಂಡರ್‌ಲ್ಯಾಂಡ್ ಮೇಲೆ 4-3ರಿಂದ ಗೆದ್ದರು. ಆ ಸೀಸನ್ನಿನಲ್ಲಿ ಲೀಗಿನಲ್ಲಿ ಸೋತದ್ದು ಎರಡೇ ಪಂದ್ಯ. ಆದರೆ ಆಟ ನಡೆಯುವಾಗಲೇ, ಇದು ಹ್ಯೂಸ್‌ನ ಕೊನೇ ಮ್ಯಾಚಂತೆ ಅನ್ನುವ ಸುದ್ದಿ ಸ್ಟ್ಯಾಂಡಿನಲ್ಲಿ ಹಬ್ಬಿತ್ತು. ಮ್ಯಾಚ್ ಮುಗಿದ ಮೇಲೆ ಹ್ಯೂಸ್ ಜನರಿಗೆ ಕೈ ಬೀಸಿ ಒಳಗೆ ಹೋದರು. ಅವತ್ತು ಸಂಜೆಯೇ ಘೋಷಣೆ ಆಯಿತು. ಅಂದರೆ ವೆಂಬ್ಲಿಯಲ್ಲಿ ಮ್ಯಾನ್ಸೀನಿಗೆ ಆದದ್ದೇ ಹ್ಯೂಸ್‌ಗೂ ಆಗಿತ್ತು. ಅದೇ ಕ್ಲಬ್ಬು, ಅದೇ ಪಿಸುಮಾತು, ಅದೇ ಮೌನ. ಹ್ಯೂಸ್ ಆಟಗಾರನಾಗಿ ಹೆಸರು ಮಾಡಿದ್ದು ಯುನೈಟೆಡ್‌ನಲ್ಲಿ, ಸಿಟಿಗೆ ಕಪ್ಪನ್ನೂ ಗೆದ್ದುಕೊಟ್ಟಿರಲಿಲ್ಲ. ಅವರಿಗಾಗಿ ಯಾರೂ ಪತ್ರಿಕೆಯಲ್ಲಿ ಪುಟ ಕೊಳ್ಳಲಿಲ್ಲ. ವಾರ ಕಳೆಯುವುದರೊಳಗೆ ಎಲ್ಲರ ಕಣ್ಣೂ ಹೊಸ ಮಫ್ಲರಿನ ಮೇಲೆ.

ನನ್ನ ಮಾತು ಇಷ್ಟೇ. ಪ್ರಶ್ನೆ ಇದ್ದರೆ ಕೇಳಿ.

(ಎರಡು ಪ್ರಶ್ನೆ ಬಂದವು. ಅವನ್ನೂ ಬರೆದಿದ್ದೇನೆ.)

ಮೊದಲನೆಯದು: ಆ ಬೈಗುಳದ ಹಾಡು ಕೇಳಿಸಿಕೊಂಡು ಬಂದ ಪೆಲ್ಲೆಗ್ರೀನಿ ಗತಿ ಏನಾಯಿತು?

ಚೆನ್ನಾಗೇ ಆಯಿತು. ಬೆಳ್ಳಿಕೂದಲಿನ, ಮೆತ್ತಗೆ ಮಾತಾಡುವ ಮನುಷ್ಯ. ಮೊದಲ ವರ್ಷವೇ ಲೀಗ್ ಕಪ್ಪು, ಲೀಗು ಎರಡೂ ಬಂದವು. ಲೀಗಿನಲ್ಲಿ 102 ಗೋಲು ಹೊಡೆದರು. ಅದೇ ಜನ ಅವರನ್ನೂ ಇಷ್ಟಪಟ್ಟರು. ಅವರನ್ನು ಬೈದದ್ದಕ್ಕೆ ಅವರು ಕಾರಣವೇ ಆಗಿರಲಿಲ್ಲವಲ್ಲ. 2016ರ ಫೆಬ್ರವರಿಯಲ್ಲಿ, ಸೀಸನ್ ಇನ್ನೂ ನಡೆಯುತ್ತಿರುವಾಗ, ಬೇಸಿಗೆಗೆ ಹೋಗ್ತೀನಿ ಅಂತ ಅವರೇ ಪತ್ರಕರ್ತರಿಗೆ ಹೇಳಿದರು. ಅವರ ಜಾಗಕ್ಕೆ ಆಗಲೇ ಬಹಳ ಹೆಸರು ಮಾಡಿದ್ದ ಕೋಚ್ ಪೆಪ್ ಗ್ವಾರ್ಡಿಯೋಲಾ ಬರ್ತಾರೆ ಅಂತ ಕ್ಲಬ್ಬು ಪ್ರಕಟಿಸಿತು. ಈ ಸಲ ಯಾರೂ ಕೂಗಾಡಲಿಲ್ಲ. ಬರುವವರು ಯಾರು ಅನ್ನುವುದರ ಮೇಲೂ ಸಂಕಟ ನಿಂತಿರುತ್ತೆ, ಏನು ಮಾಡೋದು.

ಎರಡನೆಯದು, ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಕೇಳಿದ್ದು: ನೀವು ಸಿಟಿ ಅಭಿಮಾನಿ ಆಗಿದ್ದಿದ್ದರೆ ಆ ಇಟಲಿಯ ಜಾಹೀರಾತಿಗೆ ದುಡ್ಡು ಕೊಡ್ತಿದ್ರಾ ಸರ್?

ಕೊಡ್ತಿದ್ದೆ. ಖಂಡಿತ ಕೊಡ್ತಿದ್ದೆ. ಮಾರ್ಕ್ ಹ್ಯೂಸ್‌ಗೆ ಕೊಡ್ತಿದ್ರಾ ಅಂತ ಮಾತ್ರ ಕೇಳಬೇಡಮ್ಮಾ.